ಈ ಸಲದ ಪ್ರವಾಸ ಹೇಮಾವತಿಗೆ ಹೊರಡಲಿ

ಈ ವರ್ಷದ ಅಧ್ಯಯನ ಪ್ರವಾಸ ಎಲ್ಲಿಗೆ ಎಂಬುದನ್ನು ನಿರ್ಧರಿಸಲು ಕಳೆದ ತಿಂಗಳು ವಿಭಾಗದಲ್ಲಿ ಸಭೆ ಸೇರಿದ್ದೆವು. ಹಂಪಿ, ಬಾದಾಮಿಗಳ ಹೆಸರು ಎಂದಿನಂತೆ ಮೊದಲು ಬಂತು. ಕೆಲವರು ಕರಾವಳಿಯತ್ತ ಹೋಗೋಣ, ಪುತ್ತೂರಿನ ಸಮೀಪದ ಬೆಂದ್ರ್ ತೀರ್ಥದ ಬಿಸಿನೀರಿನ ಬುಗ್ಗೆಯನ್ನೂ ನೋಡಿದಂತಾಗುತ್ತದೆ ಎಂದರು. ಒಬ್ಬ ಗೆಳೆಯ ತುರ್ಕಿ ದೇಶದ ಪಾಮುಕ್ಕಲೆಯ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿ, “ಹಾಳು ಪಟ್ಟಣವೂ ಬಿಸಿನೀರ ಕೊಳವೂ ಒಂದೇ ಕಡೆ ಇರುವ ಇಂಥ ಜಾಗ ನಮ್ಮಲ್ಲಿ ಯಾವುದೂ ಇಲ್ಲವೇ?” ಎಂದು ಕೇಳಿದ. ನಾನು ರಾಯದುರ್ಗ ಮತ್ತು ಹೇಮಾವತಿಯ ಹೆಸರು ಹೇಳಿದೆ. ಸಭೆ ಒಂದು ಕ್ಷಣ ಸುಮ್ಮನಾಯಿತು. ಬಳಿಕ ಯಾರೋ ಕೇಳಿದರು: “ಅಲ್ಲಿ ನೋಡುವುದಕ್ಕೆ ಏನಿದೆ?”

ಆ ಹೊತ್ತಿನಲ್ಲಿ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಬಿಸಿನೀರ ಬುಗ್ಗೆಯಂತೂ ಅಲ್ಲಿಲ್ಲ. ಬಿಸಿಲು ಮಾತ್ರ ಧಾರಾಳವಾಗಿದೆ. ಆದರೂ ಐಚ್ಛಿಕ ಕನ್ನಡ ಓದುವ ನಾವು ಬೇರೆಲ್ಲ ಊರುಗಳಿಗಿಂತ ಮೊದಲು ಅಲ್ಲಿಗೆ ಹೋಗಬೇಕು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಅಂದು ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಭೈರವಾನಿತಿಪ್ಪದ ಕಡೆಯವಳು. ನಮ್ಮ ಭಾಗದ ಹೊರಗೆ ಈ ಹೆಸರನ್ನು ಕೇಳಿದವರು ಕಡಿಮೆ. ತೆಲುಗಿನಲ್ಲಿ ‘ತಿಪ್ಪ’ ಎಂದರೆ ದಿಬ್ಬ. ನಮ್ಮ ‘ತಿಪ್ಪೆ’ಯ ಒಡಹುಟ್ಟು. ವೇದಾವತಿ ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು, ಹಿರಿಯೂರಿನ ಬಳಿ ವಾಣಿವಿಲಾಸ ಸಾಗರವನ್ನು ತುಂಬಿ, ಚಳ್ಳಕೆರೆಯ ಬಯಲನ್ನು ದಾಟಿ ನಮ್ಮೂರಿನತ್ತ ಬರುತ್ತದೆ. ಇಲ್ಲಿ ಅದಕ್ಕೊಂದು ಅಣೆಕಟ್ಟು ಇದೆ. ಮುಂದೆ ಹಗರಿ ಎಂಬ ಹೆಸರಿನಿಂದ ಬಳ್ಳಾರಿ ಸೀಮೆಯನ್ನು ಹಾದು ಅದು ತುಂಗಭದ್ರೆಯನ್ನು ಸೇರುತ್ತದೆ. ಅಂದರೆ ನಮ್ಮ ನದಿ ಕರ್ನಾಟಕದಲ್ಲಿ ಹುಟ್ಟಿ, ಆಂಧ್ರವನ್ನು ಹೊಕ್ಕು, ಮತ್ತೆ ಕರ್ನಾಟಕಕ್ಕೆ ಮರಳುತ್ತದೆ. ನಮ್ಮ ಭಾಷೆಯ ಕಥೆ ಅಷ್ಟು ಸುಲಭವಾಗಿ ಮರಳಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ, ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅದರ ಪಾಲಾದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಅದಕ್ಕೂ ಮುಂಚಿನಿಂದಲೇ ಆ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲಿನಿಂದ ಅದು ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಭೂಪಟವನ್ನು ತೆರೆದು ನೋಡಿದರೆ ಮಡಕಶಿರಾ ಕರ್ನಾಟಕದ ಒಳಗೆ ಚಾಚಿದ ನಾಲಗೆಯಂತೆ, ಮೂರು ಕಡೆ ಕನ್ನಡ ನಾಡಿನಿಂದ ಸುತ್ತುವರಿದು ಕಾಣುತ್ತದೆ. ಅದರ ಪಕ್ಕದಲ್ಲೇ ತುಮಕೂರು ಜಿಲ್ಲೆಯ ಪಾವಗಡ ಬಹುಪಾಲು ಆಂಧ್ರದಿಂದ ಸುತ್ತುವರಿದಿದೆ.

ಗೆಳೆಯ ತೋರಿಸಿದ ಪಾಮುಕ್ಕಲೆಯನ್ನು ನಾನು ತಳ್ಳಿಹಾಕುವುದಿಲ್ಲ. ಸಭೆಯ ನಂತರ ಅದರ ಬಗ್ಗೆ ಓದಿದೆ. ಸುಣ್ಣಾಂಶ ತುಂಬಿದ ಬಿಸಿನೀರು ಬೆಟ್ಟದ ಇಳಿಜಾರಿನಲ್ಲಿ ಹರಿದು ಬೆಳ್ಳನೆಯ ಮೆಟ್ಟಿಲುಗಳನ್ನು ಕಟ್ಟಿದೆ. ಅದರ ನೆತ್ತಿಯ ಮೇಲೆ ಹಿಯೆರಾಪೊಲಿಸ್ ಎಂಬ ಪ್ರಾಚೀನ ಪಟ್ಟಣದ ಅವಶೇಷಗಳಿವೆ. ಎರಡನ್ನೂ ಸೇರಿಸಿ ಯುನೆಸ್ಕೊ 1988ರಲ್ಲಿ ವಿಶ್ವಪರಂಪರೆಯ ತಾಣವೆಂದು ಗುರುತಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಪ್ರವಾಸಿಗರಿಗಾಗಿ ಅವಶೇಷಗಳ ಮೇಲೆಯೇ ಹೋಟೆಲುಗಳು ಎದ್ದವು. ಹಾನಿ ಕಣ್ಣಿಗೆ ಕಂಡ ಮೇಲೆ ಅವನ್ನು ಕೆಡವಬೇಕಾಯಿತು. ಈಗ ಆ ಬಿಳಿಯ ಮೆಟ್ಟಿಲುಗಳ ಮೇಲೆ ಬರಿಗಾಲಲ್ಲೇ ನಡೆಯಬೇಕು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಹಿಯೆರಾಪೊಲಿಸ್‌ನ ಗೋರಿಗಳ ಮೇಲಿರುವ ಬರಹದ ಬಹುಭಾಗ ಗ್ರೀಕ್ ಭಾಷೆಯಲ್ಲಿದೆ. ಇಂದು ಆ ಊರಿನ ಸುತ್ತ ಇರುವವರು ತುರ್ಕಿ ಭಾಷೆಯವರು, ರಾಜ್ಯವೂ ಅವರದೇ. ಆದರೂ ಆ ಕಲ್ಲುಗಳನ್ನು ಪರಕೀಯವೆಂದು ಯಾರೂ ಬಿಟ್ಟುಕೊಡಲಿಲ್ಲ. ಇಟಲಿಯ ವಿದ್ವಾಂಸರು 1957ರಿಂದ ಅಲ್ಲಿ ಉತ್ಖನನ ನಡೆಸುತ್ತ ಬಂದಿದ್ದಾರೆ. ಅಲ್ಲಿನ ಮೂರನೆಯ ಶತಮಾನದ ಒಂದು ಕಲ್ಲಿನ ಶವಪೆಟ್ಟಿಗೆಯ ಮೇಲೆ ಅಮ್ಮಿಯಾನೋಸ್ ಎಂಬ ಗಿರಣಿಯವನ ಹೆಸರಿದೆ, ನೀರಿನ ಬಲದಿಂದ ಕಲ್ಲು ಕೊಯ್ಯುವ ಗರಗಸದ ಚಿತ್ರವಿದೆ. ಅಂಥ ಯಂತ್ರಕ್ಕೆ ಸಿಕ್ಕಿರುವ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲಿ ಅದೂ ಒಂದು. ಯಾರೋ ಕುಳಿತು ಓದಿದ್ದರಿಂದ ಒಬ್ಬ ಗಿರಣಿಯವನು ಜಗತ್ತಿನ ಚರಿತ್ರೆಯೊಳಗೆ ಬಂದ. ಹಾಳು ಪಟ್ಟಣವನ್ನು ಉಳಿಸುವವನು ನೋಡುಗನಿಗಿಂತ ಹೆಚ್ಚಾಗಿ ಓದುಗ ಎಂಬುದು ನನಗೆ ಅದರಿಂದ ತಿಳಿದ ಪಾಠ.

ಬೆಂದ್ರ್ ತೀರ್ಥವನ್ನೂ ನಾನು ಬೇಡವೆನ್ನುವುದಿಲ್ಲ. ಇರ್ದೆ ಗ್ರಾಮದಲ್ಲಿ ಸೀರೆ ಹೊಳೆಯ ದಡದಲ್ಲಿರುವ ಅದು ನಮ್ಮ ರಾಜ್ಯದ ಅಪರೂಪದ ಸಹಜ ಬಿಸಿನೀರ ಬುಗ್ಗೆ. ಸುತ್ತ ಎಲ್ಲೂ ಜ್ವಾಲಾಮುಖಿಯಿಲ್ಲ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಭೂಗರ್ಭದ ಶಾಖದಿಂದ ಬೆಚ್ಚಗಾಗಿ ಮರಳಿ ಮೇಲೇರುತ್ತದೆ. ಭಾಷೆಯ ವಿದ್ಯಾರ್ಥಿಗೆ ಅಲ್ಲಿ ಇನ್ನೊಂದು ಲಾಭವಿದೆ. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರೇ. ಹಳಗನ್ನಡದ ‘ಬೆನ್ನೀರ್’ ಎಂಬುದರ ಸೋದರಿ ಅದು. ನಾವು ಮಾತಿನಲ್ಲಿ ಕಳೆದುಕೊಂಡ ಪದ ಅಲ್ಲಿ ಊರಿನ ಹೆಸರಾಗಿ ಉಳಿದಿದೆ. ಆ ಬುಗ್ಗೆಯನ್ನು ನೋಡಲು ಮುಂದಿನ ವರ್ಷವೂ ಹೋಗಬಹುದು. ನಾನು ಹೇಳಹೊರಟಿರುವ ಕಲ್ಲುಗಳಿಗೆ ಅಷ್ಟು ಕಾಲಾವಕಾಶ ಇದ್ದಂತಿಲ್ಲ.

ಹೇಮಾವತಿಯಲ್ಲಿ ಏನಿದೆ? ಶಿರಾದಿಂದ ಅಮರಾಪುರದ ಕಡೆಗೆ ಹೊರಟರೆ ಸಿಗುವ ಈ ಹಳ್ಳಿ ಒಂದು ಕಾಲದ ಹೆಂಜೇರು, ನೊಳಂಬ ಪಲ್ಲವರ ರಾಜಧಾನಿ. ನೊಳಂಬವಾಡಿ ಮೂವತ್ತೆರಡು ಸಾಸಿರ ಎಂಬ ವಿಶಾಲ ನಾಡನ್ನು ಅವರು ಆಳಿದರು. ಇಲ್ಲಿನ ಕನ್ನಡ ಸ್ತಂಭಶಾಸನದಿಂದಲೇ ಅವರ ವಂಶಾವಳಿಯ ಬಹುಭಾಗ ನಮಗೆ ತಿಳಿದಿದೆ. ದೊಡ್ಡೇಶ್ವರ ದೇವಾಲಯದ ಗೋಡೆಗಳಲ್ಲಿ ದೇವತೆಗಳನ್ನು ಕೊರೆದ ಜಾಲಂಧ್ರಗಳಿವೆ; ನುಣುಪಾದ ಕರಿಕಲ್ಲಿನ ನಂದಿಯಿದೆ. ಸಿದ್ಧೇಶ್ವರನ ಗುಡಿಯಲ್ಲಿ ದೇವರು ಲಿಂಗರೂಪದಲ್ಲಿಲ್ಲ, ಮನುಷ್ಯಾಕಾರದಲ್ಲಿ ಕುಳಿತಿದ್ದಾನೆ. ಜನ ಅವನನ್ನು ಹೆಂಜೇರಪ್ಪ ಎಂದು ಕರೆಯುತ್ತಾರೆ. ಊರಿನ ಹೆಸರು ಕಡತಗಳಲ್ಲಿ ಬದಲಾದರೂ ದೇವರ ಹೆಸರಿನಲ್ಲಿ ಹಳೆಯ ರಾಜಧಾನಿ ಇನ್ನೂ ಬದುಕಿದೆ.

ಇಲ್ಲಿನ ಎಷ್ಟೋ ಕಂಬ, ಶಿಲ್ಪಗಳು ಊರು ಬಿಟ್ಟು ಹೋಗಿವೆ. ಕೆಲವು ಚೆನ್ನೈನ ಸರಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಬಗ್ಗೆ ಸಿ. ಶಿವರಾಮಮೂರ್ತಿಯವರು 1964ರಲ್ಲಿ ಪ್ರತ್ಯೇಕ ಕೃತಿಯನ್ನೇ ಬರೆದರು. ತಮಿಳುನಾಡಿನ ತಿರುವೈಯಾರಿನಲ್ಲಿರುವ ನೊಳಂಬ ಕಂಬಗಳನ್ನು ಚೋಳರು ದಂಡಯಾತ್ರೆಯ ಕಾಲದಲ್ಲಿ ಒಯ್ದಿರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ.

ಇದು ಚರಿತ್ರೆಯ ವಿದ್ಯಾರ್ಥಿಗಳ ವಿಷಯ, ನಮಗೇಕೆ ಎನ್ನುವವರು ನಮ್ಮದೇ ಪಠ್ಯವನ್ನು ನೆನೆಯಬೇಕು. ಚಾವುಂಡರಾಯನನ್ನು ನಾವು ಗದ್ಯಕೃತಿಯ ಕರ್ತೃವಾಗಿ, ಗೊಮ್ಮಟನನ್ನು ನಿಲ್ಲಿಸಿದವನಾಗಿ ಓದುತ್ತೇವೆ. ಅವನ ಬಿರುದುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಅವುಗಳಲ್ಲಿ ‘ವೀರಮಾರ್ತಾಂಡ’ ಎಂಬುದು ಗೋನೂರಿನ ಬಯಲಿನಲ್ಲಿ ನೊಳಂಬರ ವಿರುದ್ಧ ಹೋರಾಡಿದ್ದಕ್ಕೆ ಸಂದದ್ದು. ಅವನ ಒಡೆಯ ಗಂಗ ಮಾರಸಿಂಹನ ಬಿರುದು ‘ನೊಳಂಬಕುಲಾಂತಕ’. ಎರಡು ಅಂಕಗಳ ಪ್ರಶ್ನೆಗೆ ಈ ಪದವನ್ನು ನಾನೂ ಬರೆದಿದ್ದೇನೆ. ಅಂತಕನ ಕೈಯಲ್ಲಿ ಸಿಕ್ಕಿದ ಆ ಕುಲ ಯಾವುದು, ಅವರ ಮನೆ ಎಲ್ಲಿತ್ತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅದು ನಮ್ಮ ಮನೆಯ ಕಡೆಯದೇ ಎಂದು ತಿಳಿದಾಗ ನಾಚಿಕೆಯಾಯಿತು. ಇನ್ನೂ ವಿಚಿತ್ರವೆಂದರೆ, ಆ ಬಿರುದು ಹುಟ್ಟಿದ ಮೇಲೂ ನೊಳಂಬರು ಮುಗಿದುಹೋಗಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಅವರು ಮತ್ತೆ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಗೆದ್ದವನ ಬಿರುದಿಗೆ ಎದುರಾಗಿ ಸಾಕ್ಷ್ಯ ನುಡಿಯುವ ಕಲ್ಲುಗಳು ಇವು. ಪಠ್ಯವನ್ನು ಹೀಗೆ ಕಲ್ಲಿನೊಡನೆ ಮುಖಾಮುಖಿಯಾಗಿಸುವ ಅವಕಾಶ ಹಂಪಿಯ ರಾಜಬೀದಿಯಲ್ಲಿ ನಮಗೆ ಸಿಗುವುದಿಲ್ಲ.

ರಾಯದುರ್ಗದ ಕಡೆಗೂ ಕಾರಣವಿದೆ. ಆ ಬೆಟ್ಟದ ಕೋಟೆಯಿಂದ ಕರ್ನಾಟಕದ ಗಡಿ ಹತ್ತಿರ. ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನಗಳಿವೆ. ಅಲ್ಲಿ ಬರುವ ‘ಇಸಿಲ’ ಎಂಬ ಸ್ಥಳನಾಮ ಕನ್ನಡದ್ದೆಂದು ಡಿ.ಎಲ್. ನರಸಿಂಹಾಚಾರ್ ವಾದಿಸಿದ್ದನ್ನು ಕನ್ನಡದ ಪ್ರಾಚೀನತೆಯ ಪಾಠದಲ್ಲಿ ಓದುತ್ತೇವೆ. ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡ. ಗಡಿಗಳನ್ನು ದಾಟಿ ಬಂದ ಒಬ್ಬ ಬರಹಗಾರನ ಕೈಬರಹ ನಮ್ಮ ಊರಿನ ಪಕ್ಕದಲ್ಲಿ ಎರಡು ಸಾವಿರ ವರ್ಷಗಳಿಂದ ಇದೆ.

ಇವೆಲ್ಲ ಪುಸ್ತಕದಲ್ಲಿ ಸಿಗುವ ಸಂಗತಿಗಳು. ಪುಸ್ತಕದಲ್ಲಿ ಸಿಗದ ಒಂದನ್ನು ಹೇಳಬೇಕು. ನಮ್ಮೂರ ಕೆರೆಯ ಏರಿಯ ಬಳಿ ಒಂದು ಕಲ್ಲಿದೆ. ನನ್ನ ಅಜ್ಜಿ ಅಮಾವಾಸ್ಯೆಗೊಮ್ಮೆ ಅದಕ್ಕೆ ಎಣ್ಣೆ ಹಚ್ಚಿ, ಕುಂಕುಮವಿಟ್ಟು ಕೈಮುಗಿಯುತ್ತಿದ್ದಳು. ನಮಗೆ ಅದು ದೇವರು. ಎರಡನೆಯ ವರ್ಷದಲ್ಲಿ ಹಳಗನ್ನಡ ಲಿಪಿಯ ಪಾಠವಾದ ಮೇಲೆ ದಸರಾ ರಜೆಗೆ ಊರಿಗೆ ಹೋದಾಗ ಅದರ ಮುಂದೆ ಕುಳಿತೆ. ಬೆಳಗಿನ ಓರೆ ಬಿಸಿಲಿನಲ್ಲಿ ಎಣ್ಣೆಯ ಜಿಡ್ಡಿನಡಿ ಅಕ್ಷರಗಳು ಮೂಡಿದವು. ಮೊದಲಿಗೆ ‘ಸ್ವಸ್ತಿ’ ಎಂದು ಓದಿದೆ. ಮುಂದಿನ ಸಾಲುಗಳು ಅರ್ಧಕ್ಕಿಂತ ಹೆಚ್ಚು ಸವೆದಿದ್ದವು. ‘ತುರು’ ಎಂಬ ಪದ ಸಿಕ್ಕಿತು. ಕೊನೆಯಲ್ಲಿ ‘ಸತ್ತ’ ಎಂಬುದು ಸ್ಪಷ್ಟವಾಗಿತ್ತು. ಅದು ವೀರಗಲ್ಲು. ತುರುಗಳನ್ನು ಉಳಿಸಲು ಹೋರಾಡಿ ಮಡಿದ ಯಾರೋ ಒಬ್ಬನ ನೆನಪು.

“ಏನ್ ಬರ್ದೈತವ್ವಾ ಅದ್ರಾಗೆ?” ಎಂದು ಅಜ್ಜಿ ಕೇಳಿದಳು. ಹೇಳಿದೆ. ಅವಳು ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿ, “ಹಂಗಾದ್ರೆ ಇವ ನಮ್ಮಂಗೇ ದನ ಸಾಕಿದ್ದೋನು ಅನ್ನು” ಎಂದಳು. ಪೂಜೆಯನ್ನು ಬಿಡಲಿಲ್ಲ, ಬಿಡೆಂದು ನಾನೂ ಹೇಳಲಿಲ್ಲ. ಎಣ್ಣೆ ಬೇಡ, ಹೂವು ಸಾಕು ಎಂದೆ, ಒಪ್ಪಿದಳು. ನನ್ನ ತಮ್ಮ ಪಕ್ಕದಲ್ಲೇ ನಿಂತಿದ್ದ. ಅವನು ತೆಲುಗು ಮಾಧ್ಯಮದಲ್ಲಿ ಓದಿದವನು. ಮನೆಯಲ್ಲಿ ಆಡುವುದು ಕನ್ನಡ, ಓದಲು ಬರುವುದು ತೆಲುಗು. ಆದರೆ ಆ ಕಾಲದ ಲಿಪಿ ಕನ್ನಡ ತೆಲುಗುಗಳೆರಡಕ್ಕೂ ತಾಯಿಯಾದ್ದರಿಂದ ಕೆಲವು ಅಕ್ಷರಗಳನ್ನು ನನಗಿಂತ ಬೇಗ ಅವನೇ ಗುರುತಿಸಿದ. ಪದವಾಗಿ ಕೂಡಿಸಲು ಮಾತ್ರ ಅವನಿಗಾಗಲಿಲ್ಲ. “ಅಕ್ಕಾ, ನಂಗೂ ಓದಾಕೆ ಹೇಳ್ಕೊಡು” ಎಂದ.

ಅಪಾಯ ಇರುವುದು ಇಲ್ಲಿಯೇ. ಶಾಸನವಿರುವ ಕಲ್ಲುಗಳು ನಿಧಿಗಳ್ಳರ ಹಾರೆಗೆ ಒಡೆಯುತ್ತವೆ, ಬಟ್ಟೆ ಒಗೆಯುವ ಚಪ್ಪಡಿಗಳಾಗುತ್ತವೆ, ಜೀರ್ಣೋದ್ಧಾರದ ಹೆಸರಿನಲ್ಲಿ ಬಣ್ಣ ಬಳಿಸಿಕೊಳ್ಳುತ್ತವೆ. ಕರ್ನಾಟಕದಲ್ಲೂ ಇದು ನಡೆಯುತ್ತದೆ. ಆದರೆ ಇಲ್ಲಿ ಊರಿನ ಯಾವನೋ ಒಬ್ಬ ಮೇಷ್ಟ್ರು, ಒಬ್ಬ ಹುಡುಗಿ ‘ಅದರಲ್ಲಿ ಕನ್ನಡ ಇದೆ, ಒಡೆಯಬೇಡಿ’ ಎನ್ನುವ ಸಂಭವ ಉಳಿದಿದೆ. ಗಡಿಯಾಚೆ ಆ ಸಂಭವ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತಿದೆ. ರಾಯದುರ್ಗ, ಮಡಕಶಿರಾಗಳ ಸುತ್ತ ಸರಕಾರಿ ಕನ್ನಡ ಶಾಲೆಗಳಿವೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಆದರೆ ಉದ್ಯೋಗ ತೆಲುಗಿನಲ್ಲಿದೆ, ಆಸೆ ಇಂಗ್ಲಿಷಿನಲ್ಲಿದೆ. ಎರಡರ ನಡುವೆ ಕನ್ನಡ ಅಡುಗೆಮನೆಗೆ ಸರಿಯುತ್ತಿದೆ. ತಮ್ಮನನ್ನು ಕನ್ನಡ ಶಾಲೆಗೆ ಕಳಿಸದ ನನ್ನ ತಂದೆಯನ್ನು ನಾನು ದೂರಲಾರೆ. ಮಾತು ಉಳಿದು ಓದು ಹೋದರೆ ಕಲ್ಲು ದೇವರಾಗಿಯೋ ಚಪ್ಪಡಿಯಾಗಿಯೋ ಉಳಿಯುತ್ತದೆ, ಶಾಸನವಾಗಿ ಉಳಿಯುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ಮೊದಲನೆಯದು, ಹೀಗೆ ಹೋಗುವುದು ಗಡಿಯ ಜಗಳವನ್ನು ಕೆದಕಿದಂತಾಗದೇ ಎಂಬುದು. ‘ಶಾಸನ ನಮ್ಮದು, ಆದ್ದರಿಂದ ನೆಲ ನಮ್ಮದು’ ಎಂಬ ಘೋಷಣೆಯೊಡನೆ ಹೋಗುವುದಾದರೆ ನಾನು ಆ ಬಸ್ಸನ್ನು ಹತ್ತುವುದಿಲ್ಲ. ನೊಳಂಬರ ಕಾಲದ ಶಾಸನಗಳು ಕನ್ನಡದಲ್ಲಿ ಮಾತ್ರವಲ್ಲ, ತೆಲುಗು, ತಮಿಳುಗಳಲ್ಲೂ ಇವೆ. ನನ್ನ ತಮ್ಮ ಗುರುತಿಸಿದ ಅಕ್ಷರ ಯಾರದು ಎಂದು ಕೇಳಿದರೆ ಉತ್ತರವಿಲ್ಲ. ಓದಬಲ್ಲವರೆಲ್ಲರೂ ಶಾಸನದ ವಾರಸುದಾರರು. ಓದಲು ಬರುವ ನಾವು ಓದದಿದ್ದರೆ ಆ ಹಕ್ಕೂ ನಮಗಿಲ್ಲ.

ಎರಡನೆಯದು ಸೌಕರ್ಯದ ಮಾತು. ಅಲ್ಲಿ ದೊಡ್ಡ ವಸತಿಗೃಹಗಳಿಲ್ಲ, ಮಾರ್ಗದರ್ಶಿಗಳಿಲ್ಲ; ನಿಜ. ಎರಡು ದಿನಗಳ ಪ್ರವಾಸಕ್ಕೆ ಅದು ದೊಡ್ಡ ಕೊರತೆಯಲ್ಲ. ಮೂರನೆಯದು, ಪ್ರವಾಸವೆಂದರೆ ಸಂತೋಷವೂ ಬೇಕಲ್ಲ ಎಂಬುದು. ಇದು ನ್ಯಾಯವಾದ ಮಾತು. ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತುಕೊಳ್ಳುವ ಸುಖಕ್ಕೆ ನಾನು ವಿರೋಧಿಯಲ್ಲ. ಆದರೆ ಸವೆದ ಸಾಲೊಂದರಿಂದ ಒಂದು ಪದ ಕಣ್ಣೆದುರಿಗೇ ಎದ್ದು ಬರುವಾಗ ಆಗುವ ಸಂತೋಷವನ್ನು ನಮ್ಮಲ್ಲಿ ಬಹುಮಂದಿ ಇನ್ನೂ ಉಂಡಿಲ್ಲ. ಮೂರು ವರ್ಷ ಐಚ್ಛಿಕ ಕನ್ನಡ ಓದಿಯೂ ಅದನ್ನು ಉಣ್ಣದೆ ಹೊರಟುಹೋದರೆ ನಷ್ಟ ನಮ್ಮದು.

ಹಾಗಾಗಿ ವಿಭಾಗದ ಮುಂದೆ ನನ್ನ ಕೋರಿಕೆ ಇಷ್ಟು. ಮೊದಲ ದಿನ ಬ್ರಹ್ಮಗಿರಿ ಮತ್ತು ರಾಯದುರ್ಗ, ಎರಡನೆಯ ದಿನ ಮಡಕಶಿರಾದ ಮೇಲೆ ಹೇಮಾವತಿ, ಶಿರಾದ ದಾರಿಯಿಂದ ಮರಳುವುದು. ಹೊರಡುವ ಮುನ್ನ ಒಂದು ತಿಂಗಳು ವಾರಕ್ಕೊಂದು ತಾಸು ಗ್ರಂಥಾಲಯದಲ್ಲಿ ಕುಳಿತು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಒಂಬತ್ತನೆಯ ಸಂಪುಟದ ಮೊದಲ ಭಾಗವನ್ನು ಓದೋಣ. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳ ಆ ಸಂಪುಟವನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದರು; 1939ರಲ್ಲಿ ಅದು ಪ್ರಕಟವಾಯಿತು. ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಬೆಳಕಿಗೆ ತಂದ ಅದೇ ಶಾಮಶಾಸ್ತ್ರಿಗಳು ಇವರು. ಅಲ್ಲಿ ಅಚ್ಚಾದದ್ದನ್ನು ಕಲ್ಲಿನ ಮೇಲೆ ಹುಡುಕುವುದೇ ಪ್ರವಾಸದ ಕೆಲಸವಾಗಲಿ.

ಸ್ಥಳದಲ್ಲಿ ಕಲ್ಲಿಗೆ ಸೀಮೆಸುಣ್ಣ ಉಜ್ಜುವುದು ಬೇಡ, ಅಕ್ಷರವನ್ನು ಮೊಳೆಯಿಂದ ಕೆದಕುವುದು ಬೇಡ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕು ಸಾಕು. ಇಲ್ಲವಾದರೆ ಟಾರ್ಚನ್ನು ಪಕ್ಕದಿಂದ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಸಂರಕ್ಷಿತ ಸ್ಮಾರಕದಲ್ಲಿ ಪಡಿಯಚ್ಚು ತೆಗೆಯಬೇಕಾದರೆ ಪುರಾತತ್ತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯೋಣ. ಕೊನೆಯದಾಗಿ, ಓದಿದ ಒಂದೊಂದು ಶಾಸನದ ಸಾರವನ್ನು ಇಂದಿನ ಕನ್ನಡದಲ್ಲಿ ಒಂದು ಪುಟ, ತೆಲುಗಿನಲ್ಲಿ ಒಂದು ಪುಟ ಬರೆದು ಆಯಾ ಊರಿನ ಶಾಲೆಗೆ ಕೊಟ್ಟು ಬರೋಣ. ತೆಲುಗಿನ ಪುಟ ಬರೆಯಲು ನನ್ನ ತಮ್ಮ ಒಪ್ಪಿದ್ದಾನೆ.

‘ಅಲ್ಲಿ ನೋಡುವುದಕ್ಕೆ ಏನಿದೆ’ ಎಂದು ಕೇಳಿದವರಿಗೆ ನನ್ನ ಉತ್ತರ ಇದು: ನೋಡುವುದಕ್ಕೆ ಇರುವುದು ಸ್ವಲ್ಪ, ಓದುವುದಕ್ಕೆ ಬಹಳ ಇದೆ. ಅದನ್ನು ಓದಬಲ್ಲವರು ನಾವಿದ್ದೇವೆ. ಮುಂದಿನ ಸಭೆಯಲ್ಲಿ ಕೈ ಎತ್ತುವ ಮುನ್ನ ಇದನ್ನೊಮ್ಮೆ ಯೋಚಿಸಬೇಕೆಂದು ಸಹಪಾಠಿಗಳನ್ನು ಕೋರುತ್ತೇನೆ.